ಸೌಟಿನ ನೀರು ಚೆಲ್ಲದ ಹಾಗೆ

ಇಬ್ಬನಿಗೆ ನೆನೆದ ಓಲೆ ಚಾಪೆಗೆ ಒಂದು ವಾಸನೆಯಿದೆ. ಒಣಹುಲ್ಲು, ಉಪ್ಪು, ಯಾರೋ ಮಲಗಿ ಎದ್ದುಹೋದ ಬೆವರು, ಮೂರೂ ಬೆರೆತ ಹಾಗೆ. ಇಷ್ಟು ಹೇಳಿದರೂ ಪೂರ್ತಿ ಹೇಳಿದಂತಾಗಲಿಲ್ಲ, ಇರಲಿ. ಕುಂದಾಪುರದ ಸಂತೆಯಲ್ಲಿ ಕೊಂಡ ಚಾಪೆಯೊಂದನ್ನು ಈ ಎಪ್ರಿಲ್‌ನಲ್ಲಿ ಬ್ರಹ್ಮಾವರದ ನಮ್ಮ ಮನೆಯ ತಾರಸಿಯ ಮೇಲೆ ರಾತ್ರಿಯಿಡೀ ಮರೆತುಬಿಟ್ಟಿದ್ದೆ. ಬೆಳಿಗ್ಗೆ ಸುತ್ತಿ ತೆಗೆಯುವಾಗ ಆ ವಾಸನೆ ಮೂಗಿಗೆ ಬಡಿಯಿತು, ಮರವಂತೆಯ ಅಂಗಳ ಎದುರಿಗೆ ಬಂದು ನಿಂತಿತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ರಸ್ತೆ, ರಸ್ತೆಯಾಚೆ ಹೊಳೆ. ನಡುವಿನ ಮರಳ ಪಟ್ಟಿಯಲ್ಲಿ ನನ್ನ ಅಮ್ಮಮ್ಮನ ಹಂಚಿನ ಮನೆ. ಅದು ಈಗಿಲ್ಲ. ಮಳೆಗಾಲಕ್ಕೊಂದು ತೆಂಗಿನಮರದಂತೆ ತಿನ್ನುತ್ತ ಬಂದ ಕಡಲು ಕೊನೆಗೆ ಬಾವಿಯನ್ನೂ ಜಗಲಿಯನ್ನೂ ಒಯ್ದಿತು. ನಿಮ್ಮಲ್ಲೂ ಕೆಲವರಿಗೆ ಹೀಗೆ, ಹೋಗಿ ನೋಡಲು ನೆಲವೂ ಉಳಿಯದ ಮನೆಯಿರಬಹುದು. ಅಂಥವರಿಗೆ ಗೊತ್ತಿರುತ್ತದೆ, ಉಳಿದ ಒಂದೇ ಒಂದು ಸಂಜೆಯನ್ನು ನಾವು ಎಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ ಎಂಬುದು.

ನನ್ನ ಸಂಜೆ ಹೀಗಿತ್ತು. ನನಗಾಗ ಆರೇಳು ವರ್ಷ, ಬೇಸಗೆ ರಜೆ. ಊಟವಾಗಿತ್ತು. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ, ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದ್ದಳು. ಅಮ್ಮಮ್ಮ ಅಂಗಳದಲ್ಲಿ ಚಾಪೆ ಹಾಸಿ, ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಕಡಲ ಮೇಲಿನ ಬಾನು ತೋರಿಸಿದ್ದಳು. ಅಲ್ಲಿ ಏಳು ನಕ್ಷತ್ರಗಳು, ನಮ್ಮ ಅಡುಗೆಮನೆಯ ತೆಂಗಿನ ಗೆರಟೆಯ ಸೌಟಿನದೇ ಆಕಾರ. ಹಿಡಿ ಮೇಲಕ್ಕೆ, ಗೆರಟೆ ಕೆಳಕ್ಕೆ, ಇನ್ನೇನು ನೀರಿಗೆ ತಾಗುವ ಹಾಗೆ. "ಕಾಣ್ ಮಗಾ, ಸೌಟ್ ಕಡ್ಲಿಗ್ ಮುಳ್ಗ್ತಾ ಇತ್ತ್. ತಿರ್ಗ್ಬೇಡ. ತಿರ್ಗಿರೆ ನೀರ್ ಚೆಲ್ತ್" ಎಂದಿದ್ದಳು. ಮೀನು ಮತ್ತು ತೆಂಗಿನೆಣ್ಣೆಯ ವಾಸನೆಯ ಅವಳ ಅಂಗೈ ನನ್ನ ಕೆನ್ನೆಗೆ ಒತ್ತಿಕೊಂಡಿತ್ತು. ನಾನು ತಿರುಗಲಿಲ್ಲ. ಸೌಟು ತುಂಬುವುದನ್ನೇ ನೋಡುತ್ತ ಕೂತೆ. ಅಷ್ಟು ದೊಡ್ಡ ಕೆಲಸವನ್ನು ಅದಕ್ಕಿಂತ ಮೊದಲು ಯಾರೂ ನನಗೆ ವಹಿಸಿರಲಿಲ್ಲ.

ಅದಾದ ಮೇಲೆ ಯಾವಾಗಲೋ, ಒಂದು ಎಪ್ರಿಲ್‌ನ ಬೆಳಿಗ್ಗೆ, ಅಮ್ಮ ಬೊಂಬಾಯಿಗೆ ಹೋದಳು. ಅಪ್ಪ ಅಲ್ಲಿ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದವನು ಕಾಯಿಲೆ ಬಿದ್ದಿದ್ದ, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಎರಡು ಮಳೆಗಾಲ ಕಳೆದು ಅವನನ್ನು ಕರೆದುಕೊಂಡು ಬಂದಾಗ ನಾನು ಅಮ್ಮಮ್ಮನ ಸೆರಗಿನ ಹಿಂದೆ ಅಡಗಿದ್ದೆನಂತೆ. ಹೋಗುವಾಗ ನನಗೆ ಹೇಳಿ ಯಾಕೆ ಹೋಗಲಿಲ್ಲ ಎಂದು ದೊಡ್ಡವಳಾದ ಮೇಲೆ ಕೇಳಿದಾಗೆಲ್ಲ ಅಮ್ಮನದು ಒಂದೇ ಉತ್ತರ: "ನೀ ಮನಿಕಂಡಿದ್ದೆ ಮಗಾ. ಎಬ್ಬ್ಸುಕ್ ಮನ್ಸ್ ಬರ್ಲಿಲ್ಲೆ." ಸಾಯುವವರೆಗೂ ಅದನ್ನೇ ಹೇಳಿದಳು. ನಾನೂ ನಂಬಿದೆ. ಸೌಟಿನ ಸಂಜೆ ಒಂದು ಪೆಟ್ಟಿಗೆಯಲ್ಲಿ, ಅಮ್ಮ ಹೋದ ಬೆಳಗು ಇನ್ನೊಂದರಲ್ಲಿ ಇದ್ದವು. ಎರಡನ್ನೂ ಒಟ್ಟಿಗೆ ತೆರೆಯುವ ಕಾರಣ ಬಂದಿರಲಿಲ್ಲ.

ಚಾಪೆ ಮರೆತ ಆ ವಾರವೇ, ಎಂಟನೇ ತರಗತಿಯ ನನ್ನ ಮಗಳಿಗೆ ಸೌಟು ತೋರಿಸುವ ಉತ್ಸಾಹ ಹತ್ತಿತು. ಬಾನು ನೋಡುವ ಹೊಸಬರಿಗಾಗಿ ಬರೆದ ಪಾಠಗಳು ಎಷ್ಟು ಸಲೀಸಾಗಿ ಹೇಳುತ್ತವೆ! ವಸಂತದ ಮುಸ್ಸಂಜೆ ಕಳೆದ ಮೇಲೆ ಕತ್ತಲಿರುವ ಜಾಗಕ್ಕೆ ಹೋಗಿ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ, ಉತ್ತರಕ್ಕೆ ಮುಖ ಮಾಡಿ ಸಪ್ತರ್ಷಿ ಮಂಡಲವನ್ನು ಹುಡುಕಿ. ಸೌಟಿನ ಅಂಚಿನ ಎರಡು ನಕ್ಷತ್ರಗಳ ಗೆರೆ ಮುಂದುವರಿಸಿದರೆ ಧ್ರುವ. ಹಿಡಿಯ ಬಾಗನ್ನು ಹಿಂಬಾಲಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ. ಕತ್ತಲಿರುವ ಜಾಗವಂತೆ! ನಮ್ಮ ತಾರಸಿಗೆ ಒಂದು ಕಡೆಯಿಂದ ಹೆದ್ದಾರಿಯ ಹೈಮಾಸ್ಟ್ ದೀಪ, ಇನ್ನೊಂದು ಕಡೆಯಿಂದ ಮದುವೆ ಹಾಲ್‌ನ ಬಣ್ಣದ ದೀಪಮಾಲೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಮೊದಲು ಕತ್ತಲೆ ಬೇಕಲ್ಲ. ಧ್ರುವ ನಮ್ಮ ಊರುಗಳಲ್ಲಿ ಚಾಚಿದ ಕೈಯ ಮುಷ್ಟಿಗಿಂತ ತುಸುವೇ ಮೇಲಿರುತ್ತದೆ, ಒಂದು ನೀರಿನ ಟಾಂಕಿ ಸಾಕು ಅದನ್ನು ನುಂಗಲು. ಪಕ್ಕದ ಮನೆಯವರು ಟಾಂಕಿ ಕಟ್ಟಿಸಿದ್ದೂ ಉತ್ತರಕ್ಕೇ. ಸೊಳ್ಳೆ ಹೊಡೆದುಕೊಳ್ಳುತ್ತ, ನಾನು ಕಡಲ ಬದಿಗೆ ಕೈ ಚಾಚಿ ಹುಡುಕಿದೆ, ಹುಡುಕಿದೆ.

"ಅಮ್ಮಾ, ಅಲ್ಲಿ ಎಂತದೂ ಇಲ್ಲೆ" ಎಂದಳು ಮಗಳು, ನಕ್ಷತ್ರ ತೋರಿಸುವ ಆ್ಯಪ್ ತೆರೆದ ಮೊಬೈಲನ್ನು ಬಾನಿಗೆ ಹಿಡಿದು. "ನಿನ್ ಸೌಟ್ ಹಿಂದಿತ್. ಈಶಾನ್ಯಕ್ಕೆ. ತಿರ್ಗ್."

"ಆ ಮೊಬೈಲ್ ಸರಿ ಇಲ್ಲ. ಅಮ್ಮಮ್ಮ ತೋರ್ಸಿದ್ ಕಡಲ್ ಮೇಲೆ."

"ನಿಮ್ ಕಾಲ್ದಲ್ ಉತ್ತರ ಬೇರೆ ಬದಿಗ್ ಇದ್ದಿತಾ?"

ತಿರುಗಿದೆ. ಬಯಲುಸೀಮೆಯವರಿಗೆ ಹೇಗೋ, ಕರಾವಳಿಯವರಿಗೆ ಕಡಲಿಗೆ ಬೆನ್ನು ಹಾಕಿ ಬಾನು ನೋಡುವುದೆಂದರೆ ಗೋಡೆ ನೋಡಿದ ಹಾಗೆ. ಆದರೆ ಸೌಟು ಅಲ್ಲೇ ಇತ್ತು, ಗುಡ್ಡದ ಬದಿಯಲ್ಲಿ, ಮಂಕಾಗಿ. ಅದೂ ಹಿಡಿ ಕೆಳಗಾಗಿ, ಗೆರಟೆ ಮೇಲಾಗಿ, ಒಂಟಿ ಕಾಲಿನ ಮೇಲೆ ನಿಂತ ಹಾಗೆ. ಮುಳುಗುವ ಲಕ್ಷಣವೇ ಇರಲಿಲ್ಲ. ನನಗೆ ಬಂದದ್ದು ಬೆರಗಲ್ಲ, ಸಿಟ್ಟು. ಮಗಳು ಪರದೆಯ ಮೇಲೆ ಬೆರಳೆಳೆದು ಹೊತ್ತನ್ನು ಮುಂದಕ್ಕೆ ತಳ್ಳಿದಳು. ಸೌಟು ನೆತ್ತಿಯ ಉತ್ತರಕ್ಕೆ ಏರಿತು, ಹೊರಳಿತು, ಕಡಲ ಕಡೆಗೆ ಇಳಿಯಿತು. "ಕಾಣ್, ಈಗ ನೀ ಹೇಳಿದ್ ಹಾಂಗೆ ಬಂತ್. ಆದ್ರೆ ಇದ್ ಬೆಳಗಾತ ಐದ್ ಗಂಟಿಗೆ."

ನಾನು ಒಪ್ಪಲಿಲ್ಲ. ಅದು ಎಪ್ರಿಲ್ ಆಗಿರಲಿಕ್ಕಿಲ್ಲ, ಮಳೆಗಾಲ ಮುಗಿಯುವ ಹೊತ್ತಿನ ಸಂಜೆಯಿರಬೇಕು ಎಂದೆ. ಸೌಟು ಆಗ ಸಂಜೆಯೇ ಮುಳುಗುತ್ತದೆ, ಅದನ್ನೂ ಪರದೆ ತೋರಿಸಿತು. ಆದರೆ ಮಳೆಗಾಲದಲ್ಲಿ ಆ ಅಂಗಳಕ್ಕೆ ಚಾಪೆ ಹಾಸುವವರು ಯಾರು? ಅಲ್ಲದೆ ಆ ಜಡೆಗಳು. ಅಮ್ಮ ಹೋದ ಮೇಲೆ ಹೇನಿಗೆ ಹೆದರಿ ಅಮ್ಮನ ತಂಗಿ, ಚಿಕ್ಕಿ, ನನ್ನ ಕೂದಲು ಕತ್ತರಿಸಿದ್ದಳು. ಜಡೆಯಿತ್ತೆಂದರೆ ಅಮ್ಮ ಇದ್ದಳು, ಅಮ್ಮ ಹೋದದ್ದು ಎಪ್ರಿಲ್‌ನಲ್ಲಿ. ಊಟವಾದ ಮೇಲೆ, ಮಲಗುವ ಹೊತ್ತಿಗೆ ಯಾರಾದರೂ ಅಷ್ಟು ಬಿಗಿಯಾಗಿ ಜಡೆ ಹಾಕುತ್ತಾರೆಯೆ? ಕೊನೆಗೆ ಚಾಪೆ. ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದ ಆ ವಾಸನೆ ಸಂಜೆಗೆ ಬರುವುದೇ ಇಲ್ಲ, ಸಂಜೆಯ ಚಾಪೆ ಬಿಸಿಯಾಗಿರುತ್ತದೆ. ಅದು ಬೆಳಗಿನ ಜಾವವೇ, ಅಮ್ಮ ಹೋದ ಬೆಳಗೇ ಇರಬಹುದು. ಹಾಗಾದರೆ ಊಟವಾಗಿತ್ತು ಎಂದು ನನ್ನ ನೆನಪಿಗೆ ಸೇರಿಸಿದವರು ಯಾರು? ನಾನೇ ಇರಬೇಕು. ಇಷ್ಟು ವರ್ಷ ಒರೆಸಿ ಹೊಳೆಯಿಸಿದ ಪಾತ್ರೆಯಲ್ಲಿ ಮೂಲದ ತಾಮ್ರ ಎಷ್ಟು, ನನ್ನ ಹುಣಸೆಹಣ್ಣು ಎಷ್ಟು?

ಕೇಳಲು ಉಳಿದವಳು ಚಿಕ್ಕಿ ಒಬ್ಬಳೇ, ಕೊಕ್ಕರ್ಣೆಯಲ್ಲಿದ್ದಾಳೆ. ಮರುದಿನ ಬಸ್ಸು ಹತ್ತಿ ಹೋದಾಗ ಹಪ್ಪಳಕ್ಕೆಂದು ಹಲಸಿನ ಸೊಳೆ ಬಿಡಿಸುತ್ತಿದ್ದಳು.

"ಚಿಕ್ಕಿ, ಅಮ್ಮ ಬೊಂಬಾಯಿಗ್ ಹೋದ್ ದಿನ ನಾನ್ ಎದ್ದಿದ್ನಾ?"

"ಇಷ್ಟ್ ವರ್ಷದ್ ಮೇಲ್ ಅದೆಂತಕ್ ನಿಂಗೆ? ಯಾರ್ ಹೇಳಿದ್?"

"ನಕ್ಷತ್ರ."

"ನಕ್ಷತ್ರಕ್ಕೆ ಬೇರೆ ಕೆಲ್ಸ ಇಲ್ಯಾ ಮಾರಾಯ್ತಿ?" ಎಂದು ನಕ್ಕಳು. ಆಮೇಲೆ ಕೈಯ ಮೇಣಕ್ಕೆ ಎಣ್ಣೆ ಸವರಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು. "ಎದ್ದಿದ್ದೆ. ಟ್ರಂಕ್ ಸದ್ದಿಗೆ ಎದ್ದದ್. ಅಕ್ಕ ಹೊಸಿಲಗೆ ನಿಂತವ್ಳ್, ಹೋಪುಕೂ ಇಲ್ಲೆ, ಬಪ್ಪುಕೂ ಇಲ್ಲೆ. ಫಸ್ಟ್ ಬಸ್ ಬಪ್ಪು ಹೊತ್ತ್. ನಿನ್ ಅಮ್ಮಮ್ಮ ನಿನ್ನ್ ಎತ್ಕಂಡ್ ಹೋಯಿ ಕಡಲ್ ಬದಿಗ್ ಮುಖ ಮಾಡಿ ಕೂರ್ಸಿದ್."

"ನಾನ್ ಅಳ್ತೆ ಅಂತಾ?"

"ನೀ ಅಳುದ್ ಯಾರಿಗ್ ಹೊಸ್ತ್? ನಿನ್ ಮುಖ ಕಂಡಿರೆ ಅಕ್ಕ ಬಸ್ ಹತ್ತ್‌ತಿರ್ಲಿಲ್ಲೆ. ಅಲ್ಲಿ ನಿನ್ ಅಪ್ಪ ಒಬ್ರೇ ಬಿದ್ಕಂಡಿದ್ರ್."

ಇಷ್ಟಾದರೂ ಕೈಗೆ ಸಿಕ್ಕಿತಲ್ಲ ಎಂದುಕೊಂಡೆ. ಅಮ್ಮಮ್ಮನ ಅಂಗೈ ಕೆನ್ನೆಗೆ ಒತ್ತಿದ್ದು ಮುದ್ದಿಗಲ್ಲ. ಆದರೆ ಆ ಖಚಿತತೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಆಗ ಅಮ್ಮ ನಂಗೆ ಜಡೆ ಹಾಕಿದ್ಲಲ್ಲ?" ಎಂದೆ.

"ಅಕ್ಕ ಎಲ್ಲಿ? ಜಡಿ ಹಾಕಿದ್ ನಾನ್. ಆಮೇಲ್ ಹನಿ ಮಳಿ ಬಂತ್ ಅಂದೇಳಿ ಕೊಡಿ ಹಿಡ್ಕಂಡ್ ಅಕ್ಕನ್ ಒಟ್ಟಿಗೆ ರಸ್ತಿಗ್ ಹೋದೆ."

"ಮಳೆ ಇದ್ರೆ ನಕ್ಷತ್ರ ಕಾಂಬುದ್ ಹ್ಯಾಂಗೆ ಚಿಕ್ಕಿ?"

"ಅದ್ ನಂಗೊತ್ತಿಲ್ಲೆ ಮಗಾ. ನಾನ್ ಮೇಲ್ ಕಾಣ್ಲಿಲ್ಲೆ. ನಾನ್ ಕಂಡದ್ ಟ್ರಂಕ್."

ಮಳೆ ಇದ್ದರೆ ನನ್ನ ಸೌಟು ಸುಳ್ಳು, ಸೌಟು ಇದ್ದರೆ ಅವಳ ಕೊಡೆ ಸುಳ್ಳು. ಜಡೆಯೊಳಗಿನ ಬೆರಳು ಯಾರದು ಎಂಬುದನ್ನಂತೂ ಯಾವ ನಕ್ಷತ್ರವೂ ಹೇಳುವುದಿಲ್ಲ. ನನಗೆ ಉಳಿದದ್ದು ಒಂದೇ ಪ್ರಶ್ನೆ. ರಸ್ತೆಯಲ್ಲಿ ನಿಂತು ಅಮ್ಮ ಒಮ್ಮೆಯಾದರೂ ಅಂಗಳದ ಕಡೆಗೆ ನೋಡಿದಳೆ? ನೋಡಿದರೆ ಚಾಪೆಯ ಮೇಲಿನ ನನ್ನ ಬೆನ್ನು ಕಂಡಿತೆ? ಚಿಕ್ಕಿ ಹಲಸಿನ ಸೊಳೆಯೊಂದನ್ನು ನನ್ನ ಕೈಗಿಟ್ಟಳು. "ಕತ್ಲಿ ಮಗಾ" ಎಂದಳು, "ಯಾರಿಗ್ಗೊತ್ತ್."

ಆ ಶನಿವಾರ ಬೆಳಗಾಗುವ ಮೊದಲೇ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮರವಂತೆಗೆ ಹೋದೆ. ನಾಲ್ಕು ಪಥದ ರಸ್ತೆ, ಅದರ ಬದಿಗೆ ಕಡಲ್ಕೊರೆತಕ್ಕೆಂದು ಸುರಿದ ಕಪ್ಪು ಬಂಡೆಗಳ ಸಾಲು. ಅಂಗಳ ಎಲ್ಲಿತ್ತು? ಮೊದಲೆಲ್ಲ ಇಳಿತದ ಹೊತ್ತಿಗೆ ಬಾವಿಯ ಒಂದು ಉಂಗುರ ನೀರಿನ ಮೇಲೆ ಕಾಣುತ್ತಿತ್ತು, ಈಗ ಅದೂ ಇಲ್ಲ. ಅಂದಾಜಿನ ಮೇಲೆ ಒಂದು ಬಂಡೆ ಆರಿಸಿ, ಕಡಲಿಗೆ ಮುಖ ಮಾಡಿ ನಿಂತೆ. ರಸ್ತೆಯ ದೀಪಕ್ಕೆ ನಮ್ಮ ನೆರಳುಗಳು ನಮ್ಮೆದುರಿಗೇ ಉದ್ದಕ್ಕೆ ಬಿದ್ದಿದ್ದವು. ಕಡಲಿನಂಚಿನಲ್ಲಿ ದೋಣಿಗಳ ಬೆಳಕು, ಅದರ ಮೇಲೆ ಹಾಲು ಕದಡಿದಂಥ ಮಂಜು. ಗೆರಟೆಯ ನಾಲ್ಕು ನಕ್ಷತ್ರಗಳೂ ಆ ಮಂಜಿನಲ್ಲಿ ಹೋಗಿದ್ದವು. ಹಿಡಿಯ ಮೂರು ಮಾತ್ರ ಇದ್ದವು, ಯಾರೋ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಹೋದ ಹಾಗೆ. ಇಷ್ಟಕ್ಕಾಗಿ ಇಷ್ಟು ದೂರ ಬಂದೆನೆ ಎಂದು ಕಣ್ಣು ಉರಿಯಿತು.

"ಒಂದ್ ಕೆಲ್ಸ ಮಾಡ್" ಎಂದೆ ಮಗಳಿಗೆ. "ರಸ್ತೆ ಬದಿಗ್ ಹೋಯಿ ನಿಲ್. ಅಲ್ಲಿಂದ ನಾನ್ ಕಾಂತ್ನಾ ಹೇಳ್."

"ಎಂತಕೆ?"

"ಹೋಗ್ ಅಂದ್ರೆ ಹೋಗ್."

ಅವಳ ಚಪ್ಪಲಿಯ ಸದ್ದು ಬಂಡೆಗಳ ಮೇಲೆ ದೂರವಾಯಿತು. ದಕ್ಷಿಣದಿಂದ ಒಂದು ಬಸ್ಸು ಬಂತು, ಬೆನ್ನ ಹಿಂದೆ ಬ್ರೇಕಿನ ಉಸಿರು ಬಿಟ್ಟು ನಿಧಾನಿಸಿತು. ಹುಡುಗಿ ಬಸ್ಸಿಗೆ ನಿಂತವಳೆಂದು ತಿಳಿದಿರಬೇಕು, ಯಾರೋ "ಹತ್ತುದಾ?" ಎಂದು ಕೂಗಿದರು. ಅವಳು ಇಲ್ಲವೆಂದಿರಬೇಕು, ಬಸ್ಸು ಮುಂದಕ್ಕೆ ಹೋಯಿತು. ನನ್ನ ಕತ್ತು ತಿರುಗಲಿಲ್ಲ. ನಾನು ತಡೆದು ಹಿಡಿದೆನೆಂದಲ್ಲ, ಅದಾಗಿಯೇ ತಿರುಗಲಿಲ್ಲ.

"ಹ್ವಾಯ್ ಅಮ್ಮಾ, ಕಾಂತ್!" ಮಗಳ ಕೂಗು ಅಲೆಯ ಸದ್ದಿನ ಮೇಲೆ ತೇಲಿ ಬಂತು. "ನಿನ್ ಜಡಿ ಸಮೇತ ಕಾಂತ್!"

ರಸ್ತೆಯ ದೀಪಕ್ಕೆ ಕಾಣುತ್ತಿತ್ತು, ಅಷ್ಟೆ. ಆಗ ಇಲ್ಲಿ ದೀಪವಿರಲಿಲ್ಲ. ಇದರಿಂದ ಯಾವುದೂ ಸಾಬೀತಾಗುವುದಿಲ್ಲ, ನನಗೆ ಗೊತ್ತು. "ಬರ್ಲಾ?" ಎಂದು ಅವಳು ಮತ್ತೆ ಕೂಗಿದಳು. ಇನ್ನೂ ಒಂಚೂರು ನಿಲ್ಲು ಎಂದು ಕೈಯೆತ್ತಿ ಸನ್ನೆ ಮಾಡಿದೆ. ಹಿಡಿಯ ನಕ್ಷತ್ರಗಳು ಒಂದೊಂದಾಗಿ ಬೆಳಕಿಗೆ ಕರಗುವವರೆಗೂ, ಅವಳು ನನ್ನ ಬೆನ್ನನ್ನು ನೋಡುತ್ತ ಅಲ್ಲಿ, ನಾನು ತಿರುಗದೆ ಇಲ್ಲಿ, ನಿಂತಿದ್ದೆವು.