ಭಾವನ ಖಾಸಗಿ ಚಿತ್ರಮಂದಿರ

ನನ್ನ ಭಾವ ಕನ್ನಡಕದ ಅಂಗಡಿಯಲ್ಲಿ ಮೂವತ್ತು ವರ್ಷ ಸವೆಸಿದವರು. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಗಿರಾಕಿಯ ಎರಡು ಕಣ್ಣುಪಾಪೆಗಳ ನಡುವಿನ ದೂರವನ್ನು ಪುಟ್ಟ ಅಳತೆಪಟ್ಟಿ ಹಿಡಿದು ಅಳೆಯುವುದು ಅವರ ಕೆಲಸ. ಬಸ್ಸಿನಲ್ಲಿ ಪಕ್ಕದವರ ಕನ್ನಡಕ ವಾರೆಯಾಗಿದ್ದರೆ ಕೇಳದೆ ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಅವರ ಮೂಗಿನ ಮೇಲೆ ಕೂರಿಸುವ ಮಹಾನುಭಾವ. ಊರವರ ಕಣ್ಣೆಂದರೆ ಅವರಿಗೆ ಅಷ್ಟು ಕಾಳಜಿ.

ಇಂಥವರು ಮೂರು ತಿಂಗಳ ಹಿಂದೆ, ಮುಖಕ್ಕೆ ಕಟ್ಟಿಕೊಂಡು ಒಳಗೇ ಸಿನಿಮಾ ನೋಡುವ ವಿ.ಆರ್. ಹೆಡ್‌ಸೆಟ್ ಒಂದನ್ನು ಮನೆಗೆ ತಂದರು. ಅದುವರೆಗೆ ಅಕ್ಕ, ಭಾವ ಒಂದೇ ಸೋಫಾದಲ್ಲಿ ಕೂತು ಟಿ.ವಿ.ಯಲ್ಲಿ ಧಾರಾವಾಹಿ ನೋಡುತ್ತಿದ್ದರು. ಕೊಲೆಗಾರ ಯಾರೆಂದು ಅಕ್ಕ ಎರಡನೇ ಕಂತಿನಲ್ಲೇ ಹೇಳಿಬಿಡುತ್ತಿದ್ದಳು, ಅದೂ ಸರಿಯಾಗಿ. ಭಾವನಿಗೆ ಅದೇ ಹೊಟ್ಟೆಯುರಿ. ಹೆಡ್‌ಸೆಟ್ ಬಂದ ಮೇಲೆ ಕೊಲೆಗಾರರೆಲ್ಲ ಭಾವನಿಗೊಬ್ಬರಿಗೇ ಮೀಸಲಾದರು. ಅದರೊಳಗೆ ಗೋಡೆಯಗಲದ ಪರದೆ ಇದೆಯಂತೆ, ಅಕ್ಕಪಕ್ಕ ಖಾಲಿ ಕುರ್ಚಿಗಳ ಸಾಲಿದೆಯಂತೆ. ಇಡೀ ಚಿತ್ರಮಂದಿರದಲ್ಲಿ ತಾನೊಬ್ಬನೇ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಹಿಗ್ಗಿಗೆ ಕಪಾಳಕ್ಕೆ ಎರಡು ಬಿಡೋಣ ಎನಿಸಿತ್ತು ನನಗೆ. ಸ್ವಂತ ಅಕ್ಕನ ಗಂಡನಾದ್ದರಿಂದ ಕೈ ಕಟ್ಟಿ ಕೂತೆ.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಭಾವ ಎಂದಿನಂತೆ ಮುಖಕ್ಕೆ ಡಬ್ಬ ಕಟ್ಟಿಕೊಂಡು, ಕಾಣದ ಯಾರಿಗೋ ತಲೆಯಾಡಿಸುತ್ತಾ ಕೂತಿದ್ದರು. ಅಕ್ಕ ಬಗ್ಗಿಸಿದ ಚಹಾ ನನ್ನ ಲೋಟದ ಪಕ್ಕದಲ್ಲಿ, ಮೇಜಿನ ಮೇಲೆ ಬಿತ್ತು. ಅದು ಅವಳಿಗೆ ಗೊತ್ತೇ ಆಗಲಿಲ್ಲ. ಕೈ ಹಿಡಿದು ಕೇಳಿದಾಗ ಬಾಯಿಬಿಟ್ಟಳು. ಎಡಗಣ್ಣಿನ ಅಂಚಿನಲ್ಲಿ ಯಾರೋ ಪರದೆ ಎಳೆದಂತೆ ಕಪ್ಪು ಶುರುವಾಗಿ, ಈಗ ಮುಕ್ಕಾಲು ಕಣ್ಣು ಮುಚ್ಚಿದೆಯಂತೆ. ಭಾವನಿಗೆ ಮೂರು ಸಲ ಹೇಳಿದ್ದಾಳೆ. ಮೊದಲ ಸಲ ಅವರು ಹೂಂ ಅಂದರು, ಎರಡನೇ ಸಲ ಆಮೇಲೆ ಅಂದರು, ಮೂರನೇ ಸಲ ಟಿ.ವಿ.ಯ ಬೆಳಕು ಜಾಸ್ತಿ ಮಾಡಿಕೋ ಅಂದರು. ಬೇರೆ ಕಡೆ ಏಕೆ ತೋರಿಸಲಿಲ್ಲ ಎಂದು ರೇಗಿದೆ.

"ಕಣ್ಣಿನ ಕಸುಬಿನೋರನ್ನ ಮನೇಲೇ ಇಟ್ಕೊಂಡು ನಾನು ಬೇರೆಯೋರ ಹತ್ರ ಹೋದ್ರೆ, ಅವರ ಮರ್ಯಾದೆ ಏನಾಗ್ಬೇಕು ಹೇಳು," ಅಂದಳು.

ಹೋದ ವರ್ಷ ಅವಳು ಓದುವ ಕನ್ನಡಕವನ್ನು ಇನ್ನೊಂದು ಅಂಗಡಿಯಲ್ಲಿ ಮಾಡಿಸಿದ್ದಕ್ಕೆ ಭಾವ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆ ಊದಿದ ಮುಖದ ಭಯಕ್ಕೆ ನನ್ನಕ್ಕ ಒಂದು ಕಣ್ಣನ್ನೇ ಪಣಕ್ಕಿಟ್ಟು ಕಾಯುತ್ತಿದ್ದಳು. ಹೋಗಿ ಭಾವನ ತಲೆಯಿಂದ ಹೆಡ್‌ಸೆಟ್ ಕಿತ್ತು ವಿಷಯ ಹೇಳಿದೆ.

ಭಾವ ಸ್ವಲ್ಪವೂ ವಿಚಲಿತರಾಗಲಿಲ್ಲ. ಆ ಪುಟ್ಟ ಟಿ.ವಿ. ನೋಡಿದರೆ ಯಾರ ಕಣ್ಣಾದರೂ ದಣಿಯುತ್ತದೆ, ಇದರಲ್ಲಿ ನೋಡಲಿ ಎಂದು ಧಾರಾಳವಾಗಿ ಹೆಡ್‌ಸೆಟ್ಟನ್ನು ಅಕ್ಕನಿಗೆ ಕಟ್ಟಿದರು. ಮೂರು ತಿಂಗಳಲ್ಲಿ ಇದೇ ಮೊದಲು. ಬಲಗಡೆ ಗಾಜಲ್ಲಿ ಧಾರಾವಾಹಿಯ ಹಡಗು ಕಾಣ್ತಿದೆ, ಎಡಗಡೆ ಗಾಜಲ್ಲಿ ಬರೀ ಕತ್ತಲೆ ಎಂದಳು ಅಕ್ಕ. ತಕ್ಷಣ ಭಾವನೊಳಗಿನ ಕಸುಬುದಾರ ಎಚ್ಚೆತ್ತ. ತಪ್ಪು ಸಿಕ್ಕಿಬಿಟ್ಟಿತ್ತು: ಗಾಜುಗಳನ್ನು ತಮ್ಮ ಕಣ್ಣಿನ ಅಳತೆಗೆ ಹೊಂದಿಸಿದ್ದರಲ್ಲ. ಜೇಬಿನಿಂದ ಪಟ್ಟಿ ತೆಗೆದು, ಗೇಣು ದೂರದಿಂದ ಹೆಂಡತಿಯ ಎರಡು ಕಣ್ಣುಗಳನ್ನೂ ದಿಟ್ಟಿಸಿ, ಐವತ್ತೊಂಬತ್ತೂವರೆ ಮಿಲಿಮೀಟರ್ ಎಂದು ಗೊಣಗಿ ಗಾಜು ಸರಿಸಿದರು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ಮತ್ತೆ ಕಟ್ಟಿದರು. ಅದೇ ಕತ್ತಲೆ. ಯಂತ್ರ ಮಾಡಿದವರಿಗೆ ಬೈದು, ಆರಿಸಿ ಹೊತ್ತಿಸಿ, ಮೂರನೇ ಸಲ ಕಟ್ಟಿದರು.

"ಭಾವ, ಒಂದ್ಸಲ ನೀವೇ ಹಾಕ್ಕೊಂಡು ನೋಡಿ," ಅಂದೆ.

ಹಾಕಿಕೊಂಡರು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೇನೋ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೇನೋ. ಅವರಿಗೆ ಎರಡೂ ಕಣ್ಣಲ್ಲಿ ಹಡಗು ಕಂಡಿರಬೇಕು. ಕೊನೆಗೆ ಡಬ್ಬದೊಳಗಿಂದಲೇ ಕೇಳಿದರು, "ಯಾವಾಗಿಂದ?"

"ನೀವು ಆರನೇ ಕಂತಲ್ಲಿದ್ರಿ," ಅಂದಳು ಅಕ್ಕ.

ಅರ್ಧ ಗಂಟೆಯಲ್ಲಿ ಕಣ್ಣಾಸ್ಪತ್ರೆಯಲ್ಲಿದ್ದೆವು. ದಾರಿಯುದ್ದಕ್ಕೂ ಭಾವ ಅಕ್ಕನ ಎಡಗಡೆಗೇ ನಡೆದರು. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಒಳಪದರ ಕಳಚಿಕೊಂಡಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು, ದೃಷ್ಟಿ ಪೂರ್ತಿ ವಾಪಸ್ ಬರುವ ಮಾತು ಕೊಡಲಾರೆ ಎಂದರು. ಎಷ್ಟು ಬೇಗ ಬಂದಿದ್ದರೆ ಅಷ್ಟು ಒಳ್ಳೆಯದಿತ್ತಂತೆ. ಮೊದಲು ಕಪ್ಪು ಕಂಡಿದ್ದು ಯಾವತ್ತು ಎಂದು ಕೇಳಿದರು. ಅಕ್ಕನಿಗೆ ತಾರೀಖು ನೆನಪಿರಲಿಲ್ಲ.

ಭಾವ ಮೊಬೈಲ್ ತೆಗೆದರು. ಯಾವ ಕಂತನ್ನು ಯಾವಾಗ ನೋಡಿದರೆಂಬ ಪಟ್ಟಿ ಅದರಲ್ಲಿತ್ತು. ಬೆರಳಿನಿಂದ ಕೆಳಕ್ಕೆ ಕೆಳಕ್ಕೆ ಸರಿಸಿದರು. ಆರನೇ ಕಂತಿನ ಹತ್ತಿರ ಬೆರಳು ನಿಂತಿತು.

"ಹನ್ನೊಂದನೇ ತಾರೀಖು. ಸಂಜೆ ಏಳು ಇಪ್ಪತ್ತಕ್ಕೆ," ಅಂದರು. ಹತ್ತೊಂಬತ್ತು ದಿನವಾಗಿತ್ತು.

ಡಾಕ್ಟರಮ್ಮ ಬರೆದುಕೊಂಡು, ಮೆಚ್ಚುಗೆಯಿಂದ ತಲೆಯೆತ್ತಿದರು. "ಗಂಟೆ ಸಮೇತ ಹೇಳೋ ಗಂಡಸರನ್ನ ನಾನು ನೋಡೇ ಇಲ್ಲ. ಹೆಂಡ್ತೀನ ತುಂಬಾ ಚೆನ್ನಾಗಿ ನೋಡ್ಕೋತೀರ."

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಕ್ಕ ನನ್ನ ಕಾಲು ತುಳಿದಳು.