ಕರಜಗಿಯ ಹುಡುಗಿಯರ ಸಾಫ್ಟ್‌ಬಾಲ್ ತಂಡ

ಕರಜಗಿಯ ಹೈಸ್ಕೂಲು ಮೈದಾನದ ಎದುರಿಗೇ ನನ್ನ ಹೊಲಿಗೆ ಅಂಗಡಿ. ಮಷಿನ್ ಬಾಗಿಲಿಗೆ ಮುಖ ಮಾಡಿದೆ. ಮಕ್ಕಳ ಕಬಡ್ಡಿ, ಖೋಖೋ ನೋಡುತ್ತಲೇ ಇಷ್ಟು ವರ್ಷ ರವಿಕೆ ಹೊಲಿದಿದ್ದೇನೆ. ಒಂದು ದಿನ, ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಸರ್ ಹರಿದ ದಪ್ಪ ಚರ್ಮದ್ದೇನನ್ನೋ ತಂದು ನನ್ನ ಮುಂದಿಟ್ಟರು.

"ಆಪಾ, ಇದೊಂದು ಹೊಲದು ಕೊಡ್ರಿ. ಸಾಫ್ಟ್‌ಬಾಲ್ ಆಡೋ ಗ್ಲೌಸ್ ಅದ."

"ಅದ್ಯಾವ ಆಟರಿ ಸರ?"

"ಚೆಂಡು ಹೊಡಿಯೋದು, ನಾಲ್ಕು ಮೂಲಿ ಮುಟ್ಟಿ ಓಡಿ ಬರೋದು. ನಮ್ಮ ಕಡೆ ಇದನ್ನ ಆಡೋರು ಭಾಳ ಕಮ್ಮಿ. ಅದಕ್ಕ ನಮ್ಮ ಹುಡುಗ್ಯಾರು ಲಗೂನ ಮುಂದ ಬರ್ತಾರ ನೋಡ್ರಿ."

ಅವರ ಉಪಾಯ ಕೇಳಿ ನಗು ಬಂತು. ಗೋಣಿಚೀಲ ಹೊಲಿಯುವ ದಬ್ಬಣ ತೆಗೆದು ಗ್ಲೌಸ್ ಹೊಲಿದೆ. ಓಡುವವರು ಮುಟ್ಟಬೇಕಾದ ಮೂಲೆಗಳಿಗೆ ಹಳೆಯ ಕೌದಿ ಕತ್ತರಿಸಿ ಮೂರು ಚೌಕ ದಿಂಬು ಮಾಡಿಕೊಟ್ಟೆ. ನಾಲ್ಕನೆಯ ಮೂಲೆಗೆ ರಬ್ಬರಿನ ತುಂಡು ಸಾಕಂತೆ.

ಮೊದಲ ಪಂದ್ಯ ಜೇವರ್ಗಿಯಲ್ಲಿತ್ತು. ಜೊತೆಗೆ ಹೋಗಬೇಕಿದ್ದ ಟೀಚರಮ್ಮನಿಗೆ ಜ್ವರ. ಹುಡುಗಿಯರ ಜೊತೆ ಒಬ್ಬ ಹೆಣ್ಣುಮಗಳು ಇರಲೇಬೇಕೆಂದು ಸರ್ ನನ್ನನ್ನು ಕರೆದರು. ಅಂಗಡಿ ಮುಚ್ಚಿ ಟೆಂಪೊ ಹತ್ತಿದೆ.

ನಮ್ಮ ಮೊದಲ ಹುಡುಗಿ ಚೆಂಡನ್ನು ಒಳ್ಳೆ ಜೋರಾಗಿಯೇ ಹೊಡೆದಳು. ಹೊಡೆದವಳು, ಅದು ಹಾರಿಹೋಗುವುದನ್ನೇ ಖುಷಿಯಿಂದ ನೋಡುತ್ತ ನಿಂತುಬಿಟ್ಟಳು. "ಓಡಬೇ!" ಎಂದು ಎಲ್ಲರೂ ಕೂಗಿದಾಗ ಓಡಿದಳು. ಬಲಕ್ಕೆ ಓಡಬೇಕಿತ್ತು, ಎಡಕ್ಕೆ ಓಡಿದಳು. ಜೇವರ್ಗಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ಅಂತರದಿಂದ ಸೋತೆವೆಂದು ಕೊನೆಕೊನೆಗೆ ಯಾರೂ ಎಣಿಸಲಿಲ್ಲ.

ವಾಪಸ್ ಬರುವಾಗ ಸರ್ ಡ್ರೈವರ್ ಪಕ್ಕದಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಹಿಂದೆ ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಎದ್ದು, ಎಡಕ್ಕೆ ಓಡಿದವಳ ಹಾಗೆ ಓಡುವಂತೆ ನಟಿಸಿದಳು. ಓಡಿದವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಮನೆ ಮುಟ್ಟುವವರೆಗೂ ಅದೇ ನಗು. ಈ ಮಕ್ಕಳನ್ನು ಬಿಟ್ಟಿರಲಾಗದು ಅನಿಸಿದ್ದು ಅವತ್ತೇ. ತಂಡದಲ್ಲಿ ನಮ್ಮ ಮನೆಯ ಹುಡುಗಿ ಒಬ್ಬಳೂ ಇಲ್ಲವಲ್ಲ, ನಿನಗೇನು ಕೆಲಸ ಎಂದು ನನ್ನ ಯಜಮಾನರು ಕೇಳಿದರು. ಮುಂದಿನ ಪಂದ್ಯಕ್ಕೆ ಕರೆಯದೆಯೇ ಹೋದೆ.

ತಂಡದಲ್ಲಿ ಚೆಂಡು ಎಸೆಯುವವಳು ತೋಳನ್ನು ಗಿರಕಿ ಹೊಡೆಸಿ ಎಸೆಯುತ್ತಿದ್ದಳು, ಚೆಂಡು ಸುಂಯ್ ಎಂದು ಬರುತ್ತಿತ್ತು. ಅದನ್ನು ಹಿಡಿಯಬೇಕಾದವಳು ಹೊಡೆಯುವವಳ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ ಲಿಂಗಾಯತರ ಮನೆಯ ಹುಡುಗಿ. ಅವಳ ಹಣೆಯ ವಿಭೂತಿಯೆಲ್ಲ ಹೆಲ್ಮೆಟ್ಟಿಗೆ ಮೆತ್ತಿಕೊಳ್ಳುತ್ತಿತ್ತು. ಆದರೆ ಮೂರರಲ್ಲಿ ಎರಡು ಚೆಂಡು ಅವಳ ಕೈ ತಪ್ಪುತ್ತಿದ್ದವು. ಒಂದು ಸಂಜೆ ಅವರು ಅಂಗಡಿ ಮುಂದೆಯೇ ಆಡುವಾಗ ಅವಳ ಪಕ್ಕಕ್ಕೆ ಹೋಗಿ ನೋಡಿದ ನನಗೆ ಕಾರಣ ಗೊತ್ತಾಯಿತು.

"ಚೆಂಡು ಬರೂ ಹೊತ್ತಿಗೆ ಕಣ್ಣು ಮುಚ್ಚಾಕತ್ತಿಯಲ್ಲಬೇ," ಎಂದೆ.

ಅವಳಿಗೆ ಸಿಟ್ಟು ಬಂತು. "ಹೇಳೂದು ಸಸಾರ ಐತಿ ಚಾಚಿ. ನೀವ ಒಮ್ಮಿ ಕುಂತು ನೋಡ್ರಿ."

ಸರಿ ಎಂದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗ್ಲೌಸ್ ಹಾಕಿಕೊಂಡು ಕೂತೆ. ಎಸೆಯುವವಳು ಎಸೆದಳು. ಚೆಂಡು ನನ್ನ ಕಿವಿ ಪಕ್ಕ ಹಾದು ಅಂಗಡಿಯೊಳಗೆ ನುಗ್ಗಿ ದಾರದ ಡಬ್ಬಿ ಉರುಳಿಸಿತು.

"ನೀವೂ ಮುಚ್ಚಿದ್ರಿ!" ಎಂದು ಅವಳು ಚಪ್ಪಾಳೆ ತಟ್ಟಿ ಕುಣಿದಳು.

ಮುಚ್ಚಿದ್ದು ನಿಜ. ಅವತ್ತು ಸಂಜೆ ಚಿಂದಿ ಬಟ್ಟೆ ಸುತ್ತಿ ಮೆತ್ತಗಿನ ಚೆಂಡೊಂದು ಮಾಡಿದೆ. ದಿನಾ ಶಾಲೆ ಬಿಟ್ಟ ಮೇಲೆ ಅವಳು ಅಂಗಡಿ ಕಟ್ಟೆಯ ಮುಂದೆ ಕೂರುತ್ತಿದ್ದಳು, ನಾನು ಎಸೆಯುತ್ತಿದ್ದೆ. ಮುಖಕ್ಕೆ ಬಡಿದರೂ ನೋಯದು ಎಂದು ಗೊತ್ತಾದ ಮೇಲೆ ಕಣ್ಣು ತೆರೆದೇ ಇರುವುದು ರೂಢಿಯಾಯಿತು. ಚೆಂಡನ್ನು ವಾರಕ್ಕೊಮ್ಮೆ ಬಿಚ್ಚಿ ಇನ್ನಷ್ಟು ಬಿಗಿಯಾಗಿ ಸುತ್ತುತ್ತ ಹೋದೆ. ತಿಂಗಳೆರಡು ಕಳೆಯುವುದರೊಳಗೆ ನಿಜವಾದ ಚೆಂಡೂ ಅವಳ ಗ್ಲೌಸಿನಲ್ಲಿ ಫಟ್ಟೆಂದು ಕೂರತೊಡಗಿತು.

ಆ ವರ್ಷ ಆಳಂದದಲ್ಲಿ ಸೋತೆವು, ಆದರೆ ಒಂದೇ ಒಂದು ಓಟದಿಂದ. ಆಳಂದದ ಹುಡುಗಿಯರೇ ಬಂದು ನಮ್ಮವರ ಕೈ ಕುಲುಕಿದರು.

ಮರುವರ್ಷ ಅಫಜಲಪುರದ ಮೈದಾನದಲ್ಲಿ ಮತ್ತೆ ಜೇವರ್ಗಿಯ ತಂಡ ಎದುರಾಯಿತು. ನಾವು ಒಂದು ಓಟ ಮುಂದಿದ್ದೆವು, ಅವರ ಕೊನೆಯ ಸರದಿ. ಅವರ ಹುಡುಗಿಯೊಬ್ಬಳು ಮೂರನೆಯ ಮೂಲೆಯಿಂದ ಕೊನೆಯ ಮೂಲೆಯ ಕಡೆ ಹಾರಿ ಬರುತ್ತಿದ್ದಳು. ದೂರದಿಂದ ನಮ್ಮವಳೊಬ್ಬಳು ಚೆಂಡು ಎಸೆದಳು, ಅದು ನೆಲಕ್ಕೆ ಬಿದ್ದು ಪುಟಿದು ವಕ್ರವಾಗಿ ಬಂತು. ಹಿಡಿಯುವವಳು ಅದನ್ನು ಬಾಚಿಕೊಂಡು ಓಡಿಬಂದವಳಿಗೆ ಮುಟ್ಟಿಸಿದಳು. ಇಬ್ಬರೂ ಧೂಳಿನಲ್ಲಿ ಉರುಳಿದರು. ಅಂಪೈರ್ ಕೈ ಎತ್ತಿದರು: ಔಟ್!

ನಾನು ಗೆರೆ ದಾಟಿ ಮೈದಾನದೊಳಗೆ ಓಡಿದೆ. "ಅಮ್ಮಾರ, ಹಿಂದ ಸರೀರಿ, ಇನ್ನೂ ಆಟ ಮುಗಿದಿಲ್ಲ," ಎಂದು ಅಂಪೈರ್ ಗದರಿದರು. ಮುಗಿದಿತ್ತು; ಮೂರು ಜನ ಔಟಾದರೆ ಸರದಿ ಮುಗಿದಂತೆ, ಅವರೇ ಔಟುಗಳ ಲೆಕ್ಕ ತಪ್ಪಿದ್ದರು. ನಾನು ಬೆರಳು ಮಡಿಚಿ ಮೂರೂ ಔಟುಗಳನ್ನು ಎಣಿಸಿ ತೋರಿಸಿದೆ. ಅವರು ತಮ್ಮ ಹಾಳೆ ನೋಡಿಕೊಂಡು ನಕ್ಕರು.

ಆ ಗೆಲುವಿನಿಂದ ಮುಂದಿನ ಹಂತಕ್ಕೆ ಕಲಬುರಗಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದೆವು. ಅದಕ್ಕೆ ಯಾರೂ ಅಳಲಿಲ್ಲ, ದೊಡ್ಡ ಮೈದಾನ ನೋಡಿದ ಸಂತೋಷವೇ ದೊಡ್ಡದಾಗಿತ್ತು.

ಕಳೆದ ವರ್ಷ ಸರ್‌ಗೆ ವರ್ಗವಾಯಿತು. ಚೆಂಡು ಹಿಡಿಯುತ್ತಿದ್ದವಳು ಈಗ ಅಫಜಲಪುರದ ಕಾಲೇಜಿಗೆ ಹೋಗುತ್ತಾಳೆ. ಭಾನುವಾರ ಬೆಳಿಗ್ಗೆ ಎಂಟನೇ ಕ್ಲಾಸಿನ ಹುಡುಗಿಯರಿಗೆ ಅವಳೇ ಕಲಿಸುತ್ತಾಳೆ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸ್ಕೋರು ಬರೆಯುತ್ತೇನೆ. ಮುಂದಿನ ತಿಂಗಳು ಯಡ್ರಾಮಿಯಿಂದ ಹೊಸ ತಂಡವೊಂದು ಆಡಲು ಬರುತ್ತದಂತೆ. ಅವರಿನ್ನೂ ಆಟ ಶುರು ಮಾಡಿದ್ದಾರಷ್ಟೆ.

"ಚಾಚಿ, ಅವರಿಗೆ ಚೆಂಡು ಜರಾ ಸಾವಕಾಶ ಒಗೀಬೇಕೇನ್ರಿ?" ಎಂದು ನಮ್ಮ ಚಿಕ್ಕವಳೊಬ್ಬಳು ಕೇಳಿದಳು.

"ಬ್ಯಾಡ, ಜೋರಾಗೇ ಒಗಿ," ಎಂದೆ. "ಮಧ್ಯಾಹ್ನದ ಊಟ ಅವರಿಗೆ ನಮ್ಮ ಮನ್ಯಾಗ."