ರೀಕಮ್ಮನ ಹನ್ನೊಂದು ಕ್ಯಾಸೆಟ್ಟುಗಳು

ಎನ್ಸ್‌ಕೆಡೆಯ ಆ ಇಂಡಿಯನ್ ಹೋಟೆಲಿನ ಅಡುಗೆಮನೆಯಲ್ಲಿ ರೇಡಿಯೋದ ಕಿವಿ ಹಿಂಡುವ ಹಕ್ಕು ತನಿಯಪ್ಪನೊಬ್ಬನದೇ. ಮಾಲೀಕ ಅರವಿಂದ ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ತನಿಯಪ್ಪ ಕರಾವಳಿಯ ಕಟಪಾಡಿಯಲ್ಲಿ ಐದನೆಯ ಕ್ಲಾಸಿಗೆ ಶಾಲೆಗೆ ಕೈಮುಗಿದು, ಹಡಗಿನ ಅಡುಗೆಯವನಾಗಿ ಸಮುದ್ರ ಸುತ್ತಿ, ಕೊನೆಗೆ ಡಚ್ಚರ ಈ ದೇಶದ ಮೂಡಣ ಮೂಲೆಗೆ ಬಂದು ನಿಂತ ಮನುಷ್ಯ. ವಯಸ್ಸು ಐವತ್ತೈದಾದರೂ ಸಿಟ್ಟಿಗೆ ಮಾತ್ರ ಇನ್ನೂ ಇಪ್ಪತ್ತು. ಒಮ್ಮೆ ಗಿರಾಕಿಯೊಬ್ಬ ಸಾರು ಖಾರ ಅಂದದ್ದಕ್ಕೆ ಸೌಟು ಹಿಡಿದೇ ಹೊರಗೆ ಬಂದಿದ್ದ. ಅಂಥವನನ್ನು ತಣ್ಣಗಿಡುತ್ತಿದ್ದದ್ದು ಎನ್ಸ್‌ಕೆಡೆಯ ಆ ಹಳೆಯ ಡಚ್ ಹಾಡುಗಳ ಸ್ಟೇಷನ್ ಒಂದೇ.

ಎರಡು ಸಾವಿರದ ಇಪ್ಪತ್ತೊಂದರ ಮಾರ್ಚ್ ತಿಂಗಳು. ಹೋಟೆಲಿನ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತು ತಿಂಗಳುಗಳಾಗಿದ್ದವು. ಪಾರ್ಸೆಲ್ ಮಾತ್ರ. ಅವತ್ತು ಮಧ್ಯಾಹ್ನ ತನಿಯಪ್ಪ ದಾಲಿಗೆ ಒಗ್ಗರಣೆ ಇಡುತ್ತಿದ್ದಾಗ ರೇಡಿಯೋದಲ್ಲಿ ಹಾಡು ನಿಂತು ಮುದುಕ ಗೆರಿಟ್‌ನ ಗೊಗ್ಗರು ದನಿ ಬಂತು. ಆ ಸ್ಟೇಷನ್ನನ್ನು ಮನೆ ಹಿಂದಿನ ಶೆಡ್ಡಿನಲ್ಲಿ ಶುರುಮಾಡಿದವನೇ ಅವನು.

“ಹನ್ನೆರಡು ವರ್ಷದ ಹಿಂದೆ ನಮಗೊಂದು ಹೊಳೆಯುವ ಇಂಗ್ಲಿಷ್ ಹೆಸರು ಇಟ್ಟರು. ಯಾರ ಬಾಯಿಗೂ ಅದು ಹತ್ತಲಿಲ್ಲ. ಮನೆಯೊಳಗೇ ಕೂತ ನೀವೆಲ್ಲ ವರ್ಷವಿಡೀ ಬರೆದಿರಿ, ಹಳೆಯ ಅಕ್ಷರಗಳೇ ಬೇಕು ಅಂತ. ಈಸ್ಟರಿನ ಮುಂಚಿನ ಶನಿವಾರದಿಂದ ನಾವು ಮತ್ತೆ ಎಚ್.ಆರ್.ಕೆ.”

ತನಿಯಪ್ಪನ ಮುಖ ಅರಳಿತು. ಅರಳಿದ್ದು ಅಷ್ಟು ಹೊತ್ತೇ.

“ಆ ಅಕ್ಷರಗಳನ್ನು ಗಂಟೆಗೊಮ್ಮೆ ಹೇಳುತ್ತಿದ್ದವಳು ನನ್ನ ಹೆಂಡತಿ ರೀಕ್. ಕಳೆದ ಏಪ್ರಿಲ್‌ನಲ್ಲಿ ಕೊರೋನಾದಲ್ಲಿ ಹೋದಳು. ಅವಳ ದನಿಯಿದ್ದ ಟೇಪುಗಳೆಲ್ಲ ನೆಲಮಾಳಿಗೆಗೆ ನೀರು ನುಗ್ಗಿದಾಗ ಹಾಳಾದವು. ಒಂದು ಪೆಟ್ಟಿಗೆಯನ್ನು ಮಾತ್ರ ಯಾರಿಗೋ ಕೊಟ್ಟಿದ್ದೇನೆ ಅನ್ನುತ್ತಿದ್ದಳು. ಯಾರಿಗೆ ಅಂತ ಕೊನೆವರೆಗೂ ಹೇಳಲಿಲ್ಲ. ಅದು ನಿಮ್ಮಲ್ಲಿದ್ದರೆ ದಯವಿಟ್ಟು ನನಗೊಂದು ಫೋನ್ ಮಾಡಿ.”

“ತನಿಯಣ್ಣಾ! ಸಾಸಿವೆ ಸೀದೋಯ್ತು ಕಣ್ರೀ!” ಅರವಿಂದ ಓಡಿಬಂದು ಒಲೆ ಆರಿಸಿದ. ಬೇರೆ ದಿನವಾಗಿದ್ದರೆ ಅವನ ಬೆಂಗಳೂರಿನ ಮೂರು ತಲೆಮಾರಿಗೂ ಬೈಗುಳ ಸಲ್ಲುತ್ತಿತ್ತು. ಇವತ್ತು ತನಿಯಪ್ಪ ಬಾಯಿ ಬಿಡಲಿಲ್ಲ. ಅರವಿಂದ ಎರಡು ಹೆಜ್ಜೆ ಹಿಂದೆ ಸರಿದ. “ಬೈತಾನೂ ಇಲ್ಲ, ವಾಸನೇನೂ ಗೊತ್ತಾಗ್ತಿಲ್ಲ. ಅಣ್ಣಾ, ಟೆಸ್ಟ್ ಮಾಡಿಸ್ಬಿಡಿ. ನೀವು ಬೈದೇ ಇದ್ರೆ ನಂಗೆ ಭಯ ಆಗುತ್ತೆ.”

ಆ ಪೆಟ್ಟಿಗೆ ಕೊಟ್ಟದ್ದು ತನಿಯಪ್ಪನಿಗೇ.

ತೊಂಬತ್ತೆಂಟರಲ್ಲಿ ಅವನೂ ಹೆಂಡತಿ ಜಯಶೀಲಳೂ ಗೆರಿಟ್ ದಂಪತಿಯ ಪಕ್ಕದ ಮನೆಯಲ್ಲಿದ್ದರು. ಡಚ್ ಭಾಷೆಯಲ್ಲಿ ‘ಹಾಲು’ ಎನ್ನಲೂ ಬಾರದೆ ಬೆರಳು ತೋರಿಸುತ್ತಿದ್ದ ಕಾಲ. ರೀಕ್ ಬೇಲಿಯಾಚೆಯಿಂದ ನಿಧಾನವಾಗಿ, ಮಗುವಿಗೆ ಅನ್ನ ಕಲಸಿ ತಿನ್ನಿಸುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ಗಂಡಹೆಂಡಿರಿಬ್ಬರೂ ಮನೆಯೊಳಗೆ ಅವಳನ್ನು ರೀಕಮ್ಮ ಎಂದೇ ಕರೆಯುತ್ತಿದ್ದರು. ಒಂದು ದಿನ ಅವಳು ಬಿಸ್ಕತ್ತಿನ ತಗಡಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟಳು. ಒಳಗೆ ಹನ್ನೊಂದು ಕ್ಯಾಸೆಟ್. “ನಮ್ಮ ಸ್ಟೇಷನ್ನಿನ ಮೊದಲ ವರ್ಷಗಳದ್ದು. ನಾನೇ ಮಾತಾಡಿದ್ದು. ಕೇಳಿ ಕೇಳಿ ಭಾಷೆ ಕಲಿತುಕೋ. ಕಲಿತಾದ ಮೇಲೆ ವಾಪಸು ಕೊಡು.”

ಅದೇ ಹೊತ್ತಿಗೆ ಊರಿನಿಂದ ತಂಗಿ ವಾರಿಜಳ ಫೋನು: ಅಮ್ಮ ನಿನ್ನ ದನಿ ಕೇಳಬೇಕೆಂದು ಜೀವ ಬಿಡುತ್ತಿದ್ದಾಳೆ. ಫೋನು ದುಬಾರಿ. ಅಮ್ಮನಿಗೆ ಓದಲು ಬಾರದು, ತನಿಯಪ್ಪನಿಗೆ ಬರೆಯಲು ಬೇಸರ. ಗಲ್ಫಿಗೆ ಹೋದವರು, ಹಡಗು ಹತ್ತಿದವರು ಆ ಕಾಲದಲ್ಲಿ ಏನು ಮಾಡುತ್ತಿದ್ದರೋ ಅವನೂ ಅದನ್ನೇ ಮಾಡಿದ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು. ಹೊಸತು ಕೊಳ್ಳುವ ಬದಲು ರೀಕಮ್ಮನ ಕ್ಯಾಸೆಟ್ಟುಗಳಿಗೇ ಕೈಹಾಕಿದ. ಆದರೆ ಅವುಗಳ ಬೆನ್ನಿನ ಮೇಲಿನ ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿದ್ದರು. ಹಲ್ಲು ಮುರಿದ ಕ್ಯಾಸೆಟ್ಟಿನಲ್ಲಿ ಹೊಸತಾಗಿ ಏನೂ ತುಂಬಿಸಲಾಗದು. ಇದನ್ನು ಅಳಿಸಬೇಡಿ ಎಂದು ಅರ್ಥ. ಟೇಪ್ ರೆಕಾರ್ಡರ್ ಇದ್ದ ಮನೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು. ಆ ತೂತಿನ ಮೇಲೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ತುಂಬಿಸಬಹುದು ಎನ್ನುವುದೂ ಗೊತ್ತಿತ್ತು. ತನಿಯಪ್ಪ ಅಂಟಿಸಿದ. ಒಂದಾದ ಮೇಲೊಂದು, ಒಂದೂವರೆ ವರ್ಷದಲ್ಲಿ ಹನ್ನೊಂದೂ ಕಟಪಾಡಿಗೆ ಹೋದವು.

ಎರಡು ಸಾವಿರನೇ ಇಸವಿಯಲ್ಲಿ ರೀಕಮ್ಮ ಒಮ್ಮೆ ಕೇಳಿದಳು. ಒಂದೇ ಸಲ. “ನನ್ನ ಪೆಟ್ಟಿಗೆ ಮುಗಿಯಿತೇ?” ತಪ್ಪು ಮಾಡಿದವನ ಸಿಟ್ಟು ಎಲ್ಲ ಸಿಟ್ಟಿಗಿಂತ ದೊಡ್ಡದು. “ನನ್ನನ್ನು ಕಳ್ಳ ಅಂತೀರಾ? ಬಾಗಿಲಲ್ಲಿ ಇಟ್ಟು ಬಂದಿದ್ದೇನೆ, ಯಾವತ್ತೋ!” ಎಂದು ಬೇಲಿ ನಡುಗುವ ಹಾಗೆ ಕೂಗಿದ, ಅವಳೇ ಕಲಿಸಿದ ಭಾಷೆಯಲ್ಲಿ. ರೀಕಮ್ಮ ಕೆಂಪಾದಳು. “ಹಾಗಾದರೆ ನಾನೇ ಮರೆತಿರಬೇಕು” ಅಂದಳು. ಮತ್ತೆಂದೂ ಕೇಳಲಿಲ್ಲ. ಆಮೇಲೂ ಎದುರು ಸಿಕ್ಕಿದಾಗೆಲ್ಲ ಸೈಕಲ್ಲಿನಿಂದ ಇಳಿದು, ಊರಲ್ಲಿ ಅಮ್ಮ ಹೇಗಿದ್ದಾಳೆ ಎಂದು ವಿಚಾರಿಸುತ್ತಿದ್ದಳು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಸುಖವಿತ್ತು.

ರೇಡಿಯೋದಲ್ಲಿ ಗೆರಿಟ್ ಮಾತು ಕೇಳಿದ ಆ ಸಂಜೆ ಮನೆಗೆ ಬಂದವನು ಜಯಶೀಲಳ ಮೇಲೆ ಹರಿಹಾಯ್ದ. “ಎಲ್ಲ ನಿನ್ನಿಂದ ಆದದ್ದು! ಅವತ್ತೇ ಬೇಡ ಅಂತ ಹೇಳಬಹುದಿತ್ತಲ್ಲ ನೀನು?”

ಜಯಶೀಲ ವೃದ್ಧಾಶ್ರಮವೊಂದರಲ್ಲಿ ನೆಲ ಒರೆಸುವವಳು. ಕೊರೋನಾದ ಆ ವರ್ಷ ಎಷ್ಟು ಖಾಲಿ ಹಾಸಿಗೆ ಕಂಡಿದ್ದಳೋ, ಗಂಡನ ಕೂಗಿಗೆ ಹೆದರುವ ಶಕ್ತಿಯೇ ಉಳಿದಿರಲಿಲ್ಲ. “ಬೊಬ್ಬೆ ಹೊಡೀಬೇಡಿ ಮಾರಾಯ್ರೆ. ಹೇಳಿದ್ದೆ. ನೀವು ಕಣ್ಣು ಕೆಂಪು ಮಾಡಿದ ಮೇಲೆ ಸೆಲ್ಲೋಟೇಪ್ ಕತ್ತರಿಸಿ ಕೊಟ್ಟದ್ದೂ ನಾನೇ. ನನಗೂ ನಾಚಿಕೆ ಉಂಟು. ಈಗ ಎಂತ ಮಾಡುವುದು ಅಂತ ಹೇಳಿ.”

“ಎಂತ ಮಾಡುವುದು? ಸುಮ್ಮನೆ ಇರುವುದು. ನಮ್ಮ ಹೆಸರು ಯಾರಿಗೆ ಗೊತ್ತುಂಟು?”

“ರೀಕಮ್ಮನಿಗೆ ಗೊತ್ತಿತ್ತು. ಹೇಳಲಿಲ್ಲ ಅಷ್ಟೆ” ಎಂದಳು ಜಯಶೀಲ.

ಇಪ್ಪತ್ತು ವರ್ಷ ಒಬ್ಬಳು ತನ್ನ ಸ್ವಂತ ಗಂಡನಿಗೂ ಹೇಳದೆ ಇವನ ಮಾನ ಕಾದಿದ್ದಳು. ಅವಳು ಹೋದಾಗ ಹೂವಿರಲಿ, ಎರಡು ಸಾಲಿನ ಕಾರ್ಡು ಕೂಡ ಇವನು ಹಾಕಿರಲಿಲ್ಲ. ಲಾಕ್‌ಡೌನ್ ಅಲ್ಲವಾ ಎಂದು ತನಗೆ ತಾನೇ ಸಬೂಬು ಹೇಳಿಕೊಂಡಿದ್ದ. ಅಂಚೆಗೆ ಯಾವ ಲಾಕ್‌ಡೌನ್?

ಮೂರು ದಿನ ತಡೆದುಕೊಂಡ. ನಾಲ್ಕನೆಯ ದಿನ ಬೆಳಿಗ್ಗೆ ವಾರಿಜಳಿಗೆ ಫೋನು ಹಚ್ಚಿದ. ಅಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು.

“ನಿನ್ನ ಕ್ಯಾಸೆಟ್ಟುಗಳು ಅಮ್ಮನ ಟ್ರಂಕಿನಲ್ಲಿ ಉಂಟು ಅಣ್ಣ, ಎಲ್ಲ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಆದರೆ ಈಗ ಟೇಪ್ ರೆಕಾರ್ಡರ್ ಎಲ್ಲಿಂದ ತರುವುದು ನಾನು?”

“ಭಜನಾ ಮಂದಿರದಲ್ಲಿ ಒಂದು ಇತ್ತಲ್ಲ?”

“ಅದಕ್ಕೆ ಬೆಲ್ಟ್ ಹೋಗಿ ಯಾವ ಕಾಲ ಆಯ್ತು! ಆಯ್ತು, ರಿಪೇರಿ ಮಾಡಿಸುತ್ತೇನೆ. ಎಂತ ಹುಡುಕಬೇಕು ಅದರಲ್ಲಿ?”

“ನನ್ನ ಮಾತು ಮುಗಿದ ಮೇಲೆ ಒಂದು ಹೆಂಗಸಿನ ದನಿ ಉಂಟಾ ನೋಡು.”

ವಾರಿಜ ದನಿ ತಗ್ಗಿಸಿದಳು. “ಅತ್ತಿಗೆಗೆ ಗೊತ್ತುಂಟಾ ಈ ವಿಷಯ?”

“ಥೂ! ಬಾಯಿ ಮುಚ್ಚಿ ಹುಡುಕು ಮಾರಾಯ್ತಿ!”

ವಾರಿಜ ಒಂದು ವಾರ ಹುಡುಕಿದಳು. ಎರಡು ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಉಳಿದವುಗಳಲ್ಲಿ ಈ ತುದಿಯಿಂದ ಆ ತುದಿಗೆ ತನಿಯಪ್ಪನೇ. “ನಿನ್ನ ಪಟ್ಟಾಂಗ ಕೇಳಿ ಕೇಳಿ ನನ್ನ ಕಿವಿ ಬಾತುಹೋಯ್ತು ಅಣ್ಣ. ಅಮ್ಮ ಇದನ್ನೆಲ್ಲ ದಿನಾ ಕೇಳುತ್ತಿದ್ದದ್ದು ಹೇಗೋ ಏನೋ!” ಒಂದರಲ್ಲಿ ಮಾತ್ರ, ಅವನ ಮಾತು ಮುಗಿದು ಟಕ್ ಎಂದು ಗುಂಡಿ ಒತ್ತಿದ ಸದ್ದಾದ ಮೇಲೆ, ಹಿಂದಿನದು ಹನ್ನೆರಡು ಸೆಕೆಂಡು ಉಳಿದಿತ್ತು. ಹಾಡಿನ ಬಾಲ. ಆಮೇಲೆ ನಗು ತಡೆದುಕೊಂಡ ಹೆಣ್ಣುದನಿ, ಡಚ್ಚರ ಉಚ್ಚಾರದಲ್ಲಿ: “ಹಾ... ಎರ್... ಕಾ.” ಅಲ್ಲಿಗೆ ಟೇಪು ಮುಗಿದಿತ್ತು.

ವಾರಿಜ ಅದನ್ನು, ಮುಂಚಿನ ಅವನ ಮಾತೂ ಸೇರಿಸಿ, ವಾಟ್ಸಾಪಿನಲ್ಲಿ ಕಳಿಸಿದಳು. ಜಯಶೀಲ ಕೇಳಿ ಮುಸುಮುಸು ಅತ್ತಳು. ತನಿಯಪ್ಪ ಕೇಳಿ ಬೆವತ. ಆ ದನಿಗೆ ಸ್ವಲ್ಪ ಮುಂಚೆ ತನ್ನದೇ ಬಾಯಿಂದ ಬಂದ ತುಳುಮಾತು ಅವನಿಗೆ ನೆನಪೇ ಇರಲಿಲ್ಲ.

“ನನ್ನ ಮಾತಿನಷ್ಟನ್ನು ಕತ್ತರಿಸಿ, ಆ ಅಕ್ಷರ ಮಾತ್ರ ಕೊಟ್ಟರೆ ಆಗದಾ?” ಎಂದು ಕೇಳಿದ.

“ಕತ್ತರಿಸಿದ್ದು ಸಾಕು” ಎಂದಳು ಹೆಂಡತಿ.

ಮರುದಿನ ಗೆರಿಟ್‌ನ ಮನೆಗೆ ಹೋದ. ಒಂದೂವರೆ ಮೀಟರ್ ದೂರ ನಿಲ್ಲಬೇಕಾದ ಕಾಲ. ಮುದುಕ ಬಾಗಿಲು ತೆರೆದು ಹೊಸ್ತಿಲೊಳಗೆ ಕುರ್ಚಿ ಹಾಕಿ ಕೂತ. ತನಿಯಪ್ಪ ಅಂಗಳದ ಕಲ್ಲಿನ ಮೇಲೆ ಮಾಸ್ಕ್ ಹಾಕಿ ನಿಂತ. ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು ಅನಿಸಿತು. ಪೆಟ್ಟಿಗೆ ತನ್ನ ಹತ್ತಿರ ಇದ್ದದ್ದು, ಹನ್ನೊಂದನ್ನೂ ಅಳಿಸಿದ್ದು, ರೀಕಮ್ಮನ ಮೇಲೆ ಕೂಗಾಡಿದ್ದು ಎಲ್ಲವನ್ನೂ ಹೇಳಿ, ಫೋನನ್ನು ಕಲ್ಲಿನ ಮೇಲಿಟ್ಟು ದನಿ ಏರಿಸಿ ಹಿಂದೆ ಸರಿದ.

ಗೆರಿಟ್ ಬಗ್ಗಿ ಕೇಳಿದ. ಮತ್ತೊಮ್ಮೆ ಹಾಕು ಎಂದು ಬೆರಳಾಡಿಸಿದ. ಮೂರನೆಯ ಸಲ ಕೇಳಿಯಾದ ಮೇಲೆ ತಲೆ ಎತ್ತಿದ.

“ಇದಕ್ಕೆ ಮುಂಚೆ ಒಬ್ಬ ಗಂಡಸು ಮಾತಾಡುತ್ತಾನಲ್ಲ. ನೀನೇ ಅಲ್ಲವಾ? ಏನು ಹೇಳುತ್ತಿದ್ದೀಯ?”

ಈ ಊರಲ್ಲಿ ತುಳು ತಿಳಿದವರು ಬೆರಳೆಣಿಕೆಯಷ್ಟು. ಅಮ್ಮನ ಆರೋಗ್ಯ ವಿಚಾರಿಸಿದೆ ಅಂದರೂ ಆಗುತ್ತಿತ್ತು, ಮಳೆ ಬೆಳೆ ಕೇಳಿದೆ ಅಂದರೂ ಆಗುತ್ತಿತ್ತು. ಮುದುಕ ನಂಬುತ್ತಿದ್ದ. ಹಿಂದೆ ಅವನ ಹೆಂಡತಿಯೂ ನಂಬಿದ್ದಳಲ್ಲ, ಅಥವಾ ನಂಬಿದ ಹಾಗೆ ಮಾಡಿದ್ದಳಲ್ಲ.

“ನನ್ನ ಅಮ್ಮನಿಗೆ ಹೇಳುತ್ತಿದ್ದೇನೆ” ಎಂದ ತನಿಯಪ್ಪ. “ಕ್ಯಾಸೆಟ್ಟಿಗೆ ಚಿಂತೆ ಇಲ್ಲ ಅಮ್ಮ, ಪಕ್ಕದ ಮನೆಯ ಹೆಂಗಸು ಕೊಟ್ಟದ್ದು ಬೇಕಾದಷ್ಟು ಉಂಟು. ಅವಳು ಪಾಪದವಳು, ವಾಪಸು ಕೇಳಲಿಕ್ಕಿಲ್ಲ. ಕೇಳಿದರೆ ಜೋರು ಮಾಡಿದರೆ ಆಯಿತು, ಸುಮ್ಮನಾಗುತ್ತಾಳೆ. ಹಾಗೆ ಹೇಳುತ್ತಿದ್ದೇನೆ.”

ಬೈಯಲಿ ಎಂದು ತನಿಯಪ್ಪ ಕಾದ. ಬೈದರೆ ಸಾಲ ತೀರಿದ ಹಾಗಾದೀತು ಎಂಬ ಆಸೆ. ಮುದುಕ ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ.

“ಶನಿವಾರ ಇದನ್ನು ಹಾಕುತ್ತೇನೆ” ಎಂದ ಕೊನೆಗೆ. “ಎಲ್ಲಿ ಸಿಕ್ಕಿತು ಅಂತ ಜನ ಕೇಳುತ್ತಾರೆ. ದೂರದ ದೇಶದಲ್ಲಿ ಸಿಕ್ಕಿತು ಅಂತ ಹೇಳಿ ಬಿಡಬಹುದು. ಅದೂ ಸುಳ್ಳಲ್ಲ.”

“ಬೇಡ” ಎಂದ ತನಿಯಪ್ಪ. “ಇದ್ದದ್ದು ಇದ್ದ ಹಾಗೆ ಹೇಳಿ. ಹೆಸರೂ ಹೇಳಿ. ಅವರು ಕಳ್ಳನ ಹೆಸರು ಮುಚ್ಚಿಟ್ಟು ಹೋದರು. ನೀವೂ ಮುಚ್ಚಿಡಬೇಡಿ.”

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗೆರಿಟ್ ಹಾಗೇ ಹೇಳಿದ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಪಕ್ಕದ ಮನೆಯಲ್ಲಿದ್ದ ಅಡುಗೆಯವನು, ಕೊಟ್ಟದ್ದನ್ನು ಅಳಿಸಿದ, ಕೇಳಿದಾಗ ಕೂಗಿದ, ಹೆಸರು ತನಿಯಪ್ಪ. ಇಷ್ಟು ಉಳಿದಿದೆ, ಕೇಳಿ. ಆಮೇಲೆ ರೀಕಮ್ಮ ನಗು ತಡೆದುಕೊಂಡು ಮೂರು ಅಕ್ಷರ ಹೇಳಿದಳು. ಸ್ಟೇಷನ್ನಿಗೆ ಹಳೆಯ ಹೆಸರು ಬಂತು.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅರವಿಂದ ತಲೆ ಎತ್ತಲಿಲ್ಲ. ಎತ್ತಿ ಏನಾದರೂ ತಮಾಷೆ ಮಾಡಿದ್ದರೆ ಚೆನ್ನಾಗಿತ್ತು. ತನಿಯಪ್ಪನ ಕಿವಿ, ಕುತ್ತಿಗೆ ಎಲ್ಲ ಕಾದ ಹೆಂಚಿನಂತಾಗಿತ್ತು. ಓಡಿಹೋಗೋಣ ಎನಿಸಿತು, ಯಾರ ಮೇಲಾದರೂ ಕೂಗೋಣ ಎನಿಸಿತು. ಎರಡನ್ನೂ ಮಾಡದೆ ನಿಂತ.

ಪಾರ್ಸೆಲಿನ ಫೋನು ಬಡಿದುಕೊಂಡಿತು. ಕೈ ಒರೆಸಿಕೊಂಡು ಹೊರಟ ಅರವಿಂದನನ್ನು ತಡೆದು ತನಿಯಪ್ಪನೇ ಎತ್ತಿದ.

“ರೇಡಿಯೋದಲ್ಲಿ ಈಗ ಹೇಳಿದರಲ್ಲ, ಆ ಅಡುಗೆಯವನು ನಿಮ್ಮ ಹೋಟೆಲಿನವನೇ?” ವಯಸ್ಸಾದ ಹೆಂಗಸಿನ ದನಿ.

“ಹೌದು, ಮೇಡಂ. ನಾನೇ ಅವನು.”

ಆ ಹೆಂಗಸು ಫೋನು ಇಟ್ಟುಬಿಟ್ಟಳು.

“ಏನಣ್ಣಾ ಆರ್ಡರು?” ಅರವಿಂದ ಮೆಲ್ಲಗೆ ಕೇಳಿದ.

“ಏನಿಲ್ಲ.”

ಇಡುವಷ್ಟರಲ್ಲಿ ಮತ್ತೆ ಬಡಿದುಕೊಂಡಿತು. “ನಾನು ಎತ್ಲಾ?” ಎಂದ ಅರವಿಂದ. ತನಿಯಪ್ಪ ಬೇಡವೆಂದು ತಲೆಯಾಡಿಸಿದ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಮಾತು ಸ್ಪಷ್ಟವಾಗಿ ಕೇಳುವ ಹಾಗೆ ಮೊದಲು ಹೋಟೆಲಿನ ಹೆಸರು ಹೇಳಿದ. ಆಮೇಲೆ ತನ್ನ ಹೆಸರು ಹೇಳಿದ.